ಟ್ರೆಕ್‌ಗೆ ‘ಥೆರಪಿ’ ಅಂತ ಹೆಸರಿಡಬಹುದಾ? ಒಂಬತ್ತು ವರ್ಷ ಬೆಟ್ಟ ಹತ್ತಿಸಿದವನ ಪ್ರಶ್ನೆ

ಬೆಟ್ಟದಹಾದಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದಿ.

ನಾನು ಒಂಬತ್ತು ವರ್ಷದಿಂದ ಟ್ರೆಕ್ ಲೀಡರ್. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ 28 ದಿನದ ಬೇಸಿಕ್ ಕೋರ್ಸ್ ಮಾಡಿದ್ದೇನೆ, ಪ್ರಥಮ ಚಿಕಿತ್ಸೆ ಕಲಿತಿದ್ದೇನೆ. ಕುಮಾರಪರ್ವತ, ಕೊಡಚಾದ್ರಿ, ಕುದುರೆಮುಖ ಎಷ್ಟು ಸಲ ಹತ್ತಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಕಳೆದ ತಿಂಗಳು ಪರಿಚಯದವರೊಬ್ಬರು ಫೋನ್ ಮಾಡಿ, ‘ನೇಚರ್ ಥೆರಪಿ ಟ್ರೆಕ್’ ಶುರು ಮಾಡ್ತಿದ್ದೀವಿ, ನೀನೇ ಲೀಡ್ ಮಾಡು ಅಂದರು. ಪೋಸ್ಟರ್ ಕಳಿಸಿದರು. ‘ಆತಂಕ, ಖಿನ್ನತೆ, ಒತ್ತಡಕ್ಕೆ ಕಾಡಿನಲ್ಲೇ ಚಿಕಿತ್ಸೆ’ ಅಂತ ಅದರಲ್ಲಿದೆ. ನನ್ನ ಹೆಸರಿನ ಕೆಳಗೆ ‘ನೇಚರ್ ಥೆರಪಿಸ್ಟ್’ ಅಂತ ಹಾಕಿದ್ದಾರೆ. ಟಿಕೆಟ್ ಮಾಮೂಲಿ ಟ್ರೆಕ್‌ನ ಎರಡರಷ್ಟು. ನನಗೆ ಕೊಡೋದೂ ಎರಡರಷ್ಟು.

ದುಡ್ಡು ನನಗೆ ಬೇಕು. ಸೀಸನ್‌ನ ಆರು ತಿಂಗಳ ದುಡಿಮೆಯಲ್ಲೇ ನಮಗೆ ವರ್ಷ ಪೂರ್ತಿ ಮನೆ ನಡೀಬೇಕು. ಆದರೂ ಹೂಂ ಅನ್ನೋಕೆ ಆಗ್ತಿಲ್ಲ. ಕಾರಣ ಒಂದಿದೆ. ಇದನ್ನು ಇಲ್ಲಿಯವರೆಗೆ ಎಲ್ಲೂ ಹೇಳಿಕೊಂಡಿಲ್ಲ.

ಮೂರು ವರ್ಷದ ಹಿಂದೆ ಕುಮಾರಪರ್ವತ. ಕಲ್ಲುಮಂಟಪ ದಾಟಿ ಶೇಷಪರ್ವತದ ಏರು ಹತ್ತುತ್ತಿದ್ದೆವು. ಅಲ್ಲಿ ಮರ ಇಲ್ಲ, ಬರೀ ಹುಲ್ಲು, ಎರಡೂ ಕಡೆ ಇಳಿಜಾರು. ಗುಂಪಿನಲ್ಲಿದ್ದ ಒಬ್ಬ ಹುಡುಗಿ, ಇಪ್ಪತ್ತೈದು ಇಪ್ಪತ್ತಾರು ಇರಬಹುದು, ದಾರಿ ಮಧ್ಯೆ ಕೂತುಬಿಟ್ಟಳು. ಉಸಿರು ಮೇಲೆ ಮೇಲೆ ಬರ್ತಿತ್ತು. ಒಂದು ಕೈಯಲ್ಲಿ ಹುಲ್ಲಿನ ಬುಡ ಹಿಡ್ಕೊಂಡಿದ್ದಳು. ಎಷ್ಟು ಬಿಗಿಯಾಗಿ ಅಂದ್ರೆ ಬೆರಳಿನ ಗೆಣ್ಣು ಬೆಳ್ಳಗಾಗಿತ್ತು, ಹುಲ್ಲಿನ ಅಂಚು ಕುಯ್ದು ರಕ್ತ ಬಂದಿದ್ದೂ ಅವಳಿಗೆ ಗೊತ್ತಿರಲಿಲ್ಲ. ನಾನು ಏನು ಮಾಡಿದೆ? ಯಾವಾಗಲೂ ಹೇಳೋದನ್ನೇ ಹೇಳಿದೆ. ‘ಇನ್ನೇನು ಬಂತು, ಹತ್ತೇ ನಿಮಿಷ, ನಿಮ್ಮ ಕೈಲಿ ಆಗುತ್ತೆ ಬನ್ನಿ.’ ಉಳಿದವರು ಚಪ್ಪಾಳೆ ತಟ್ಟಿದರು, ಹೆಸರು ಹಿಡಿದು ಕೂಗಿದರು. ಅವಳು ಎದ್ದಳು, ಹತ್ತಿದಳು. ತುದಿಯಲ್ಲಿ ಫೋಟೋನೂ ಆಯ್ತು. ಆ ದಿನ ನಾನು ಒಳ್ಳೇ ಕೆಲಸ ಮಾಡಿದೆ ಅಂದುಕೊಂಡೇ ಮಲಗಿದೆ.

ಎರಡು ವಾರ ಆದ ಮೇಲೆ ಅವಳಿಂದ ಮೆಸೇಜ್ ಬಂತು. ಚಿಕ್ಕವಳಿದ್ದಾಗ ಎತ್ತರದಿಂದ ಒಬ್ಬರು ಬಿದ್ದದ್ದನ್ನು ಕಣ್ಣಾರೆ ನೋಡಿದ್ದಳಂತೆ. ಟ್ರೆಕ್ ಮುಗಿಸಿ ಹೋದಾಗಿನಿಂದ ನಿದ್ದೆ ಇಲ್ಲವಂತೆ. ಕೊನೆಯಲ್ಲಿ ಬರೆದಿದ್ದಳು: ‘ಎಲ್ಲರೂ ಚಪ್ಪಾಳೆ ತಟ್ಟುವಾಗ ಬೇಡ ಅನ್ನೋಕೆ ಬಾಯಿ ಬರಲಿಲ್ಲ ಸರ್.’

ಹಾಗಂತ ಬೆಟ್ಟದಿಂದ ಒಳ್ಳೇದಾಗಿದ್ದನ್ನೂ ನೋಡಿದ್ದೇನೆ. ಮನೆಯಲ್ಲಿ ಯಾರ ಜೊತೆಗೂ ಮಾತಾಡದ ಹುಡುಗ ಕೊಡಚಾದ್ರಿಯಲ್ಲಿ ಒಲೆ ಹಚ್ಚೋಕೆ ನನ್ನ ಜೊತೆ ಕೂತು, ಸೌದೆ ಹಸಿ ಇದ್ದು ಹತ್ತಿಕೊಳ್ಳದೆ ಇಬ್ಬರೂ ಊದಿ ಊದಿ ಕಣ್ಣಲ್ಲಿ ನೀರು ಬಂದು, ಆ ಹೊತ್ತಿನಲ್ಲಿ ತಾನಾಗೇ ಅವರಪ್ಪನ ಕುಡಿತದ ಬಗ್ಗೆ ಹೇಳಿದ್ದ. ಬೆಂಗಳೂರಿನಲ್ಲಿ ಎದುರಾ ಎದುರಾ ಕೂರಿಸಿ ಕೇಳಿದ್ರೆ ಹೇಳ್ತಿರಲಿಲ್ಲ.

ಇದರಲ್ಲಿ ಏನೋ ಇದೆ, ಅದಂತೂ ನಿಜ. ಆದರೆ ಅದನ್ನು ಚಿಕಿತ್ಸೆ ಅನ್ನೋಕೆ ನನಗೆ ಏನು ಹಕ್ಕಿದೆ? ಗೊತ್ತಿರೋರು ಹೇಳಿ.

ಮಾತಿನಂಗಳ

ಇಷ್ಟು ಬಿಚ್ಚಿ ಬರೆದದ್ದು ದೊಡ್ಡದು. ನಾನು ಬೆಂಗಳೂರಿನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕರ್ತೆ, ಹದಿನಾಲ್ಕು ವರ್ಷ ಆಯ್ತು. ನಿಮ್ಮ ಪ್ರಶ್ನೆಗೆ ನೇರ ಉತ್ತರ: ಆ ಪೋಸ್ಟರ್‌ಗೆ ಒಪ್ಪಬೇಡಿ. ಆದರೆ ಈ ಕೆಲಸವನ್ನು ಬಿಡಲೂ ಬೇಡಿ.

ಅಡ್ವೆಂಚರ್ ಥೆರಪಿ, ಅಂದರೆ ಬೆಟ್ಟ, ಹಗ್ಗದಂಥ ಸಾಹಸ ಚಟುವಟಿಕೆಗಳನ್ನು ಮನಸ್ಸಿನ ಚಿಕಿತ್ಸೆಗೆ ಬಳಸೋದು, ಬೇರೆ ದೇಶಗಳಲ್ಲಿ ಒಂದು ವೃತ್ತಿಯಾಗಿ ಬೆಳೆದಿದೆ. ಅದರ ಬೇರು ಚಿಕಿತ್ಸೆಯಲ್ಲಿ ಇಲ್ಲ, ಶಿಕ್ಷಣದಲ್ಲಿದೆ. ಜರ್ಮನಿ ಬಿಟ್ಟು ಬ್ರಿಟನ್‌ಗೆ ಬಂದಿದ್ದ ಕರ್ಟ್ ಹಾನ್ ಎಂಬ ಶಿಕ್ಷಕರು 1941ರಲ್ಲಿ ವೇಲ್ಸ್‌ನ ಅಬರ್‌ಡೋವಿಯಲ್ಲಿ ‘ಔಟ್‌ವರ್ಡ್ ಬೌಂಡ್’ ಅನ್ನೋ ಸಾಹಸ ಶಿಕ್ಷಣದ ಶಾಲೆ ಶುರು ಮಾಡಿದರು. ಜೊತೆಗಿದ್ದವರು ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್. ಯುದ್ಧದಲ್ಲಿ ಹಡಗು ಮುಳುಗಿದಾಗ ಗಟ್ಟಿಮುಟ್ಟಾದ ಹುಡುಗರೇ ಸಾಯ್ತಾರೆ, ವಯಸ್ಸಾದ ನಾವಿಕರು ಬದುಕಿ ಬರ್ತಾರೆ, ಹುಡುಗರಿಗೆ ಮನಸ್ಸಿನ ಗಟ್ಟಿತನ ಕಲಿಸಬೇಕು ಅನ್ನೋದು ಹೋಲ್ಟ್ ಅವರ ಅನಿಸಿಕೆಯಾಗಿತ್ತು. 1962ರಲ್ಲಿ ಅದು ಅಮೆರಿಕದ ಕೊಲರಾಡೋಗೆ ಬಂತು. 1971ರಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ಶಾಲೆಯಿಂದ ‘ಪ್ರಾಜೆಕ್ಟ್ ಅಡ್ವೆಂಚರ್’ ಹುಟ್ಟಿತು. ಹಗ್ಗ, ಗೋಡೆ, ಆಟಗಳನ್ನೆಲ್ಲ ಶಾಲೆಯ ಅಂಗಳಕ್ಕೇ ತಂದವರು ಅವರು. ಮನಸ್ಸಿನ ಚಿಕಿತ್ಸೆ ಮಾಡೋರು ಇದನ್ನು ಗಂಭೀರವಾಗಿ ಕೈಗೆ ತಗೊಂಡದ್ದು ಆಮೇಲೆ. ಇದರ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಆಗಿದ್ದು 1997ರಲ್ಲಿ, ಆಸ್ಟ್ರೇಲಿಯಾದ ಪರ್ತ್‌ನಲ್ಲಿ.

ಆ ಪ್ರಾಜೆಕ್ಟ್ ಅಡ್ವೆಂಚರ್‌ನವರು ರೂಢಿಗೆ ತಂದ ಒಂದು ನಿಯಮ ಇದೆ: ‘ಚಾಲೆಂಜ್ ಬೈ ಚಾಯ್ಸ್’. ಎಷ್ಟು ದೂರ ಹೋಗಬೇಕು, ಎಲ್ಲಿ ನಿಲ್ಲಬೇಕು ಅನ್ನೋದು ಹತ್ತುವವರ ಕೈಯಲ್ಲಿರಬೇಕು. ಕೆಳಗೇ ಉಳಿದವರಿಗೂ ಗುಂಪಿನಲ್ಲಿ ಕೆಲಸ ಇರಬೇಕು, ಮರ್ಯಾದೆ ಇರಬೇಕು. ನಿಮ್ಮ ಶೇಷಪರ್ವತದಲ್ಲಿ ತಪ್ಪಿದ್ದು ಇದೇ. ಚಪ್ಪಾಳೆ ಪ್ರೀತಿಯಿಂದಲೇ ಬಂದದ್ದು, ಆದರೆ ಆ ಹುಡುಗಿಗೆ ಬಾಗಿಲು ಮುಚ್ಚಿತು.

ಒಂದು ಉದಾಹರಣೆ ಕೊಡ್ತೀನಿ. ಕೃತಕ ಗೋಡೆ ಹತ್ತಿಸುವಾಗ ಕೆಳಗೆ ಒಬ್ಬರು ಹಗ್ಗ ಹಿಡಿದು ಬಿಲೇ ಮಾಡ್ತಾರಲ್ವಾ, ಅಂದರೆ ಹತ್ತೋರು ಬೀಳದ ಹಾಗೆ ಕಾಯ್ತಾರಲ್ವಾ? ಟ್ರೆಕ್ ಲೀಡರ್ ನೋಡೋದು ಗಂಟು ಸರಿಯಾಗಿದೆಯಾ, ಹಗ್ಗ ಸಡಿಲ ಆಗ್ತಿದೆಯಾ ಅಂತ. ಅದೇ ಜಾಗದಲ್ಲಿ ಥೆರಪಿಸ್ಟ್ ನೋಡೋದು ಬೇರೆ. ಯಾರನ್ನೂ ನಂಬದ ಹುಡುಗನಿಗೆ ಹಗ್ಗ ಕೊಟ್ಟಾಗ ಅವನ ಭುಜ ಹೇಗಾಯ್ತು, ಮೇಲಿರೋನು ‘ಹಿಡ್ಕೊಂಡಿದ್ದೀಯಾ’ ಅಂತ ಕೂಗಿದಾಗ ಉತ್ತರ ಕೊಟ್ಟನಾ, ಕೆಳಗೆ ಬಂದ ಮೇಲೆ ಏನಂದ. ಮುಂದಿನ ವಾರದ ಮಾತುಕತೆ ಅಲ್ಲಿಂದಲೇ ಶುರುವಾಗುತ್ತೆ. ಅಂದರೆ ಹತ್ತೋದಕ್ಕೆ ಮುಂಚೆ ಆ ವ್ಯಕ್ತಿಯನ್ನು ಕೂರಿಸಿ ಮಾತಾಡಿ ತಿಳ್ಕೊಂಡಿರಬೇಕು, ಯಾಕೆ ಈ ಚಟುವಟಿಕೆ ಅಂತ ಇಬ್ಬರಿಗೂ ಗೊತ್ತಿರಬೇಕು, ಮುಗಿದ ಮೇಲೆ ವಾರಗಟ್ಟಲೆ ಜೊತೆಗಿರಬೇಕು. ಶನಿವಾರ ರಾತ್ರಿ ಬಸ್ಸು ಹತ್ತಿಸಿ ಸೋಮವಾರ ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಸಿ ಕೈಬಿಟ್ಟರೆ ಅದು ಚಿಕಿತ್ಸೆ ಅಲ್ಲ.

ಹೆಸರಿನ ವಿಷಯ. ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳೋಕೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಕೌನ್ಸೆಲರ್‌ಗಳು ಬಹಳ ಕಾಲ ಯಾವ ಕಾನೂನಿನ ಕೆಳಗೂ ಇರಲಿಲ್ಲ. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯಲ್ಲಿ ಅವರ ವೃತ್ತಿಯನ್ನೂ ಸೇರಿಸಿದ್ದಾರೆ. ಅಮೆರಿಕದಲ್ಲಿ ಅಸೋಸಿಯೇಷನ್ ಫಾರ್ ಎಕ್ಸ್‌ಪೀರಿಯೆನ್ಷಿಯಲ್ ಎಜುಕೇಷನ್ ಅನ್ನೋ ಸಂಸ್ಥೆ ಅಡ್ವೆಂಚರ್ ಥೆರಪಿಸ್ಟ್‌ಗಳಿಗೇ ಪ್ರತ್ಯೇಕ ಪ್ರಮಾಣಪತ್ರ ಕೊಡುತ್ತೆ. ಅದೂ ಮನಸ್ಸಿನ ಚಿಕಿತ್ಸೆ ಓದಿದವರಿಗೆ, ಬರೀ ಬೆಟ್ಟ ಗೊತ್ತಿರೋರಿಗಲ್ಲ.

ಶಾರ್ಲಟ್‌ಕನ್ನಡಿಗ

ಅಮೆರಿಕದ ಹೆಸರು ಬಂತಲ್ಲ, ಇಲ್ಲಿನ ಇನ್ನೊಂದು ಮುಖವನ್ನೂ ಹೇಳಲೇಬೇಕು. ನಾನಿರೋದು ನಾರ್ತ್ ಕ್ಯಾರೊಲೈನಾದಲ್ಲಿ. ನನಗೂ ಹದಿಮೂರು ವರ್ಷದ ಮಗ ಇದ್ದಾನೆ, ಅದಕ್ಕೇ ಈ ಸುದ್ದಿ ಓದಿದಾಗಿನಿಂದ ತಲೆಯಿಂದ ಹೋಗಿಲ್ಲ.

2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಒಂದು ವೈಲ್ಡರ್‌ನೆಸ್ ಥೆರಪಿ ಶಿಬಿರಕ್ಕೆ (ಮಕ್ಕಳನ್ನು ಕಾಡಿನಲ್ಲಿಟ್ಟು ಚಿಕಿತ್ಸೆ ಕೊಡ್ತೀವಿ ಅನ್ನೋ ಶಿಬಿರ) ಹನ್ನೆರಡು ವರ್ಷದ ಹುಡುಗನೊಬ್ಬ ಬಂದ. ಮರುದಿನ ಬೆಳಗ್ಗೆ ತೀರಿಕೊಂಡಿದ್ದ. ರಾತ್ರಿ ಅವನನ್ನು ಮಲಗಿಸಿದ್ದು ಒಬ್ಬರಿಗೆ ಸಾಕಾಗುವಷ್ಟೇ ಸಣ್ಣ ಡೇರೆಯಂಥ ಚೀಲದಲ್ಲಿ. ಉಸಿರುಗಟ್ಟಿ ಸತ್ತಿದ್ದು ಅಂತ ಮರಣೋತ್ತರ ಪರೀಕ್ಷೆಯಲ್ಲಿ ಗೊತ್ತಾಯ್ತು. ಸರ್ಕಾರ ಆ ಶಿಬಿರದ ಲೈಸೆನ್ಸ್ ರದ್ದು ಮಾಡಿತು. ಇದೊಂದೇ ಅಲ್ಲ. 2007ರಲ್ಲೇ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಇಂಥ ಶಿಬಿರಗಳಲ್ಲಿ ಮಕ್ಕಳ ಸಾವು, ದೌರ್ಜನ್ಯಗಳ ಬಗ್ಗೆ ವರದಿ ಕೊಟ್ಟಿತ್ತು. ಯೂಟಾ ರಾಜ್ಯದಲ್ಲಿ 2021ರಲ್ಲಿ ನಿಯಮ ಬಿಗಿ ಮಾಡಿದರು, 2024ರ ಡಿಸೆಂಬರ್‌ನಲ್ಲಿ ಇಡೀ ದೇಶಕ್ಕೆ ಒಂದು ಕಾನೂನು ಬಂತು.

ನನ್ನನ್ನು ಜಾಸ್ತಿ ಕಾಡೋದು ಮಕ್ಕಳನ್ನು ಕರ್ಕೊಂಡು ಹೋಗೋ ರೀತಿ. ಅಪ್ಪ ಅಮ್ಮನೇ ದುಡ್ಡು ಕೊಟ್ಟು ಜನ ಗೊತ್ತುಮಾಡ್ತಾರೆ, ಅವರು ನಡುರಾತ್ರಿ ಬಂದು ಮಲಗಿರೋ ಮಗುವನ್ನು ಎಬ್ಬಿಸಿ ಕರ್ಕೊಂಡು ಹೋಗ್ತಾರೆ. ಮಗುವಿನ ಒಪ್ಪಿಗೆ ಯಾರೂ ಕೇಳಲ್ಲ. ಅಲ್ಲೂ ಅದೇ ಬೆಟ್ಟ, ಅದೇ ಕಾಡು, ಅದೇ ‘ಥೆರಪಿ’ ಅನ್ನೋ ಪದ. ನಮ್ಮೂರಲ್ಲಿ ‘ಮೊಬೈಲ್ ಚಟ ಬಿಡಿಸುವ ಶಿಬಿರ’ ಅಂತ ಜಾಹೀರಾತು ನೋಡಿದಾಗೆಲ್ಲ ನನಗೆ ಮೊದಲು ಬರೋ ಪ್ರಶ್ನೆ, ಆ ಮಗು ಮನೆಗೆ ಫೋನ್ ಮಾಡಬಹುದಾ, ಬೇಡ ಅಂದ್ರೆ ವಾಪಸ್ ಬರಬಹುದಾ ಅಂತ.

ತೀರ್ಥಹಳ್ಳಿಯವ

ಎಲ್ಲರ ಮಾತೂ ಓದಿದೆ. ಕಾಡಿನ ಪಕ್ಕದಲ್ಲೇ ಇರುವವನಾಗಿ ಒಂದು ಮಾತು.

ಹಸಿರು ನೋಡಿದರೆ ಮನಸ್ಸು ಸರಿಹೋಗುತ್ತೆ ಅನ್ನುವುದಾದರೆ ನಮ್ಮ ಊರಲ್ಲಿ ಯಾರಿಗೂ ಖಿನ್ನತೆ ಇರಬಾರದಿತ್ತು. ಹಾಗಿಲ್ಲ. ಎಲೆಚುಕ್ಕಿ ರೋಗ ಬಂದು ಅಡಿಕೆ ತೋಟ ಕಣ್ಣೆದುರೇ ಒಣಗುವುದನ್ನು ನೋಡುವವನಿಗೆ ಆ ಹಸಿರು ಸಮಾಧಾನ ಕೊಡುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ನಾಲ್ಕು ದಿನ ಬರಲ್ಲ, ಮಕ್ಕಳೆಲ್ಲ ಬೆಂಗಳೂರು, ಒಂಟಿ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಅವರಿಗೂ ಡಾಕ್ಟರ್ ಬೇಕು. ಮನೋವೈದ್ಯರ ಹತ್ತಿರ ಹೋಗಬೇಕಾದರೆ ಇಲ್ಲಿಂದ ಶಿವಮೊಗ್ಗಕ್ಕೆ ಒಂದು ದಿನದ ಕೆಲಸ ಬಿಟ್ಟು ಹೋಗಬೇಕು.

ಆದರೆ ಬೆಟ್ಟದಹಾದಿಯವರು ಹೇಳಿದ ಒಲೆಯ ಕಥೆ ನನಗೆ ಅರ್ಥವಾಯಿತು. ಅಮ್ಮ ಹೋದ ಮೇಲೆ ಅಪ್ಪಯ್ಯ ಮಾತು ಬಿಟ್ಟಿದ್ದರು. ಊಟಕ್ಕೆ ಕೂತರೆ ಎಲೆ ನೋಡುತ್ತಾ ಕೂರುತ್ತಿದ್ದರು, ಅಷ್ಟೇ. ನಾವು ಸಮಾಧಾನ ಹೇಳಿದಷ್ಟೂ ಒಳಗೆ ಹೋದರು. ಆಗ ಪಕ್ಕದ ಮನೆಯ ನಮ್ಮ ದೊಡ್ಡಪ್ಪ ದಿನಾ ಬೆಳಗ್ಗೆ ಬಂದು, ‘ಬೆಟ್ಟದಲ್ಲಿ ದರಗು ಬಿದ್ದಿದೆ ಮಾರಾಯ, ಒಬ್ಬನಿಗೆ ಹೊರೋಕೆ ಆಗಲ್ಲ, ಬಾ’ ಅಂತ ಕರೆದುಕೊಂಡು ಹೋಗುತ್ತಿದ್ದ. ಇಬ್ಬರೂ ಒಣಗೆಲೆ ಗುಡಿಸಿ ಕಲ್ಲಿಗೆ (ಕಲ್ಲಿ ಅಂದರೆ ಹಗ್ಗದ ಬಲೆಯಂಥ ಚೀಲ, ಪೇಟೆಯವರಿಗೆ ಗೊತ್ತಿರಲಿಕ್ಕಿಲ್ಲ) ತುಂಬಿ ಕೊಟ್ಟಿಗೆಗೆ ತರೋರು. ಸಮಾಧಾನದ ಮಾತು ಒಂದೂ ಇಲ್ಲ. ‘ಆ ಕಡೆ ಹಿಡಿ’, ‘ಇಲ್ಲಿ ಜಾರುತ್ತೆ ನೋಡು’, ಅಷ್ಟೇ. ಎರಡು ತಿಂಗಳಾದ ಮೇಲೆ ಒಂದು ದಿನ ಅಪ್ಪಯ್ಯನೇ ದೊಡ್ಡಪ್ಪನಿಗಿಂತ ಮೊದಲು ಅಂಗಳಕ್ಕೆ ಇಳಿದು ಕಾಯುತ್ತಾ ನಿಂತಿದ್ದರು.

ಕಾಡು ಇಲ್ಲದಿದ್ದರೂ ಅದು ಆಗುತ್ತಿತ್ತೋ ಏನೋ. ದೊಡ್ಡಪ್ಪ ಇಲ್ಲದಿದ್ದರೆ ಆಗುತ್ತಿರಲಿಲ್ಲ.



ಮಾತಿನಂಗಳ

ತೀರ್ಥಹಳ್ಳಿಯಣ್ಣ, ನಾನು ಇಷ್ಟುದ್ದ ಬರೆದು ಹೇಳೋಕೆ ಒದ್ದಾಡಿದ್ದನ್ನು ನೀವು ಹೇಳಿಬಿಟ್ಟಿರಿ. ಜೊತೆಗೆ ಮಾಡೋ ಕೆಲಸ, ಅಕ್ಕಪಕ್ಕ ನಿಂತು ಒಂದೇ ಕಡೆ ನೋಡೋದು. ಕಣ್ಣಲ್ಲಿ ಕಣ್ಣಿಟ್ಟು ಕೂರಬೇಕಾಗಿಲ್ಲದ್ದರಿಂದಲೇ ಎಷ್ಟೋ ಜನಕ್ಕೆ ಮಾತು ಬರುತ್ತೆ. ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ತೋಟಗಾರಿಕೆಯೂ ಒಂದು ಕೆಲಸವಾಗಿ ಇರೋದು ಸುಮ್ನೆ ಅಲ್ಲ.

ಡಾಕ್ಟರ್ ಸಿಗದ ಕಷ್ಟ ನಿಜ. ನಿಮ್ಹಾನ್ಸ್ ಮುಂದೆ ನಿಂತು 12 ರಾಜ್ಯಗಳಲ್ಲಿ ಮಾಡಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಕಾಯಿಲೆಗೆ ತಕ್ಕ ಹಾಗೆ ಶೇ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿಲ್ಲ ಅಂತ ಬಂತು. ದೂರ ಹೋಗೋಕಾಗದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಓದುಗೂಡು

ಸಂಶೋಧನೆ ಏನು ಹೇಳುತ್ತೆ ಅಂತ ಯಾರೂ ಬರೆದಿಲ್ಲ, ಚುಟುಕಾಗಿ ಹಾಕ್ತೀನಿ.

ರೋಜರ್ ಉಲ್ರಿಚ್ 1984ರಲ್ಲಿ ಬರೆದ ಅಧ್ಯಯನ ಇದರಲ್ಲಿ ಹೆಸರಾದದ್ದು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರಲ್ಲಿ ಕಿಟಕಿಯಾಚೆ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ನೋವು ಕಮ್ಮಿ ಮಾಡೋ ಬಲವಾದ ಔಷಧಿಯನ್ನೂ ಕಮ್ಮಿ ತಗೊಂಡರು. ನೋಡಿದ್ದು 23 ಜೋಡಿ ರೋಗಿಗಳನ್ನು ಮಾತ್ರ. 2015ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಕೆಲವರನ್ನು 90 ನಿಮಿಷ ಹುಲ್ಲುಗಾವಲಿನಲ್ಲಿ, ಕೆಲವರನ್ನು ವಾಹನ ತುಂಬಿದ ರಸ್ತೆ ಬದಿ ನಡೆಸಿದರು. ಹುಲ್ಲುಗಾವಲಿನವರಲ್ಲಿ ಆದದ್ದನ್ನೇ ಮೆಲುಕು ಹಾಕಿ ಕೊರಗೋದು ಕಮ್ಮಿಯಾಗಿತ್ತು. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿ, ವಾರಕ್ಕೆ 120 ನಿಮಿಷವಾದರೂ ಮರಗಿಡಗಳ ಮಧ್ಯೆ ಕಳೆಯೋರು ತಾವು ಚೆನ್ನಾಗಿದ್ದೇವೆ ಅಂತ ಹೇಳೋದು ಜಾಸ್ತಿ ಅಂತ ಕಂಡುಕೊಂಡರು. ಆದರೆ ಆರೋಗ್ಯ ಚೆನ್ನಾಗಿರೋರೇ ಜಾಸ್ತಿ ಹೊರಗೆ ಹೋಗ್ತಾರಲ್ವಾ, ಹಾಗಾಗಿ ಯಾವುದು ಕಾರಣ ಅಂತ ಅದರಿಂದ ತೀರ್ಮಾನ ಮಾಡೋಕಾಗಲ್ಲ.

ಜಪಾನಿನ ‘ಶಿನ್‌ರಿನ್ ಯೋಕು’, ಅಂದರೆ ಕಾಡಿನ ಸ್ನಾನ, ಆ ಹೆಸರು ಕೊಟ್ಟಿದ್ದು 1982ರಲ್ಲಿ ಅಲ್ಲಿನ ಅರಣ್ಯ ಇಲಾಖೆ. ಜನ ಕಾಡಿಗೆ ಬರಲಿ, ಆರೋಗ್ಯವಾಗಿರಲಿ ಅಂತ. 2024ರಲ್ಲಿ ಕಬ್ಬನ್ ಪಾರ್ಕ್‌ನಲ್ಲಿ ಅದಕ್ಕೆ 1500 ರೂಪಾಯಿ ಟಿಕೆಟ್ ಇಟ್ಟಾಗ ಜನ ಸಿಟ್ಟಾಗಿದ್ದು ನೆನಪಿದೆ. ಪಾರ್ಕ್ ಎಲ್ಲರದ್ದು. ಇವತ್ತಿಗೂ ಸುಮ್ನೆ ಹೋಗಿ ಮರದ ಕೆಳಗೆ ಕೂತು ಬರಬಹುದು.

ಎರಡುಮಾತ್ರೆ

ಇಷ್ಟು ದಿನ ಇಲ್ಲಿ ಬರೀ ಓದ್ತಿದ್ದೆ. ಇವತ್ತು ಬರೀತಿದ್ದೀನಿ.

ನನಗೆ ಬೈಪೋಲಾರ್ ಇದೆ, ಮನಸ್ಸು ಅತಿ ಉತ್ಸಾಹ, ಖಿನ್ನತೆ ಎರಡರ ಮಧ್ಯೆ ತೂಗಾಡೋ ಕಾಯಿಲೆ. ಏಳು ವರ್ಷದಿಂದ ಅದಕ್ಕೆ ಲಿಥಿಯಂ ಅನ್ನೋ ಮಾತ್ರೆ ತಗೋತಿದ್ದೀನಿ. ಟ್ರೆಕ್ಕಿಂಗ್ ನನಗೆ ಪ್ರಾಣ. ಆದರೆ ಲಿಥಿಯಂ ತಗೊಳ್ಳೋರು ಬಿಸಿಲಲ್ಲಿ ಬೆವರು ಸುರಿಸಿ ನೀರು, ಉಪ್ಪು ಕಮ್ಮಿ ಮಾಡ್ಕೊಂಡರೆ ರಕ್ತದಲ್ಲಿ ಔಷಧಿ ಪ್ರಮಾಣ ಏರಿ ವಿಷವಾಗುತ್ತೆ. ಕೈ ನಡುಗುತ್ತೆ, ವಾಂತಿ, ನಡಿಗೆ ತೂರಾಡುತ್ತೆ. ನೋಡೋರಿಗೆ ಬರೀ ಸುಸ್ತು ಅಂತ ಕಾಣುತ್ತೆ. ಇನ್ನು ಕೆಲವು ಮಾನಸಿಕ ಔಷಧಿಗಳಲ್ಲಿ ಮೈಗೆ ಸೆಖೆ ತಡೆಯೋ ಶಕ್ತಿಯೇ ಕಮ್ಮಿಯಾಗುತ್ತೆ. ನಾನು ಹತ್ತಿಪ್ಪತ್ತು ಟ್ರೆಕ್ ಮಾಡಿದ್ದೀನಿ, ಫಾರ್ಮ್‌ನಲ್ಲಿ ಬಿಪಿ, ಶುಗರ್, ಆಸ್ತಮಾ ಕೇಳ್ತಾರೆ, ಇದನ್ನು ಒಬ್ಬರೂ ಕೇಳಿಲ್ಲ. ನಾನೂ ಹೇಳಿಲ್ಲ. ಹೇಳಿದ್ರೆ ಬರಬೇಡ ಅಂತಾರೆ ಅನ್ನೋ ಭಯ.

ಥೆರಪಿ ಟ್ರೆಕ್ ಅಂತ ಹೆಸರಿಟ್ಟರೆ ನಮ್ಮಂಥವರೇ ಜಾಸ್ತಿ ಬರೋದು. ಕೆಲವರು ‘ಇನ್ಮೇಲೆ ಬೆಟ್ಟ ಇದೆಯಲ್ಲ’ ಅಂತ ಮಾತ್ರೆ ನಿಲ್ಲಿಸಿ ಬರ್ತಾರೆ. ನಾನೂ ಒಂದು ಸಲ ಹಾಗೆ ಮಾಡಿ ಆಸ್ಪತ್ರೆ ಸೇರಿದ್ದೆ. ದಯವಿಟ್ಟು ಯಾರೂ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಹೊಸಹೆಜ್ಜೆ

ನಾನು ಮೈಸೂರಿನಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದ್ತಿದ್ದೀನಿ. ಇದನ್ನೇ ವೃತ್ತಿ ಮಾಡ್ಕೋಬೇಕು ಅಂತ ತುಂಬಾ ಆಸೆ ಇದೆ. ಯಾವ ಕೋರ್ಸ್ ಮಾಡಲಿ ಮೇಡಂ?

ಮಾತಿನಂಗಳ

ಮೊದಲು ನಿಮ್ಮ ಓದು ಮುಗಿಸಿ. ಆಸ್ಪತ್ರೆಯ ವಾರ್ಡ್‌ನಲ್ಲಿ, ಸಮುದಾಯದಲ್ಲಿ ಕೆಲವು ವರ್ಷ ಹಿರಿಯರ ಕೈಕೆಳಗೆ ಕೆಲಸ ಮಾಡಿ. ಜೊತೆಜೊತೆಗೆ ಬೆಟ್ಟ ಕಲೀಬೇಕು ಅಂದ್ರೆ ನಮ್ಮ ರಾಜ್ಯದ್ದೇ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ, ಉತ್ತರಕಾಶಿ, ಡಾರ್ಜಿಲಿಂಗ್‌ನ ಪರ್ವತಾರೋಹಣ ಸಂಸ್ಥೆಗಳಿವೆ. ವಾರಾಂತ್ಯದ ಆನ್‌ಲೈನ್ ಸರ್ಟಿಫಿಕೇಟ್ ನಂಬಿ ಯಾರ ಮನಸ್ಸಿಗೂ ಕೈ ಹಾಕಬೇಡಿ ತಂಗಿ. ಎರಡೂ ಒಬ್ಬರೇ ಆಗಬೇಕು ಅಂತಲೂ ಇಲ್ಲ. ಹಗ್ಗ ಗೊತ್ತಿರೋರು ಒಬ್ಬರು, ಮನಸ್ಸಿನ ಕೆಲಸ ಗೊತ್ತಿರೋರು ಒಬ್ಬರು, ಹೀಗೆ ಇಬ್ಬರು ಸೇರಿ ಮಾಡೋದೇ ಹೆಚ್ಚು ಸುರಕ್ಷಿತ.

ಚಾರಣಪ್ರಿಯ

ಒಂದು ಪ್ರಾಯೋಗಿಕ ವಿಷಯ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಜನ ಜಾತ್ರೆ ಥರ ನುಗ್ಗಿದ್ದು, ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸಿದ್ದು ಎಲ್ಲರಿಗೂ ಗೊತ್ತು. ನೆಮ್ಮದಿ ಹುಡುಕಿ ಬಂದವರನ್ನು ಶನಿವಾರದ ಆ ಸಾಲಿನಲ್ಲಿ ನಿಲ್ಲಿಸಿದ್ರೆ ಏನು ಸಿಗುತ್ತೆ? ಎತ್ತರದ ಬೆಟ್ಟವೇ ಬೇಕು ಅಂತಿಲ್ಲ. ವಾರದ ಮಧ್ಯೆ ಲಾಲ್‌ಬಾಗ್ ಬಂಡೆ, ಊರಿನ ಕೆರೆ ಏರಿ ಸಾಕು. ಮಂಡಿ ನೋವಿರೋರು, ವಯಸ್ಸಾದವರೂ ಬರಬಹುದು.

ಬೆಟ್ಟದಹಾದಿ

ಎಲ್ಲರಿಗೂ ಉತ್ತರ ಕೊಡೋಕೆ ಮೂರು ವಾರ ಬೇಕಾಯ್ತು, ಕ್ಷಮಿಸಿ.

ಆ ಪೋಸ್ಟರ್‌ನವರಿಗೆ ಆಗಲ್ಲ ಅಂದೆ. ‘ಥೆರಪಿ’ ಪದ ತೆಗೆಯಿರಿ, ಮಾಮೂಲಿ ಟ್ರೆಕ್ ಅಂತಲೇ ಮಾಡೋಣ ಅಂತಲೂ ಕೇಳಿದೆ. ಒಪ್ಪಲಿಲ್ಲ, ಬೇರೆಯವರನ್ನು ನೋಡ್ಕೊಂಡರು. ಬೇಜಾರಾಯ್ತು. ಈ ತಿಂಗಳು ಕೈ ಬಿಗಿಯೇ ಇದೆ.

ಮಾತಿನಂಗಳ ಮೇಡಂ ಅವರನ್ನು ಭೇಟಿಯಾಗಿದ್ದೆ. ಅವರು ನೋಡಿಕೊಳ್ಳುತ್ತಿರುವ ಆರು ಜನರ ಗುಂಪಿನ ಜೊತೆ ಬುಧವಾರ ಬೆಳಗ್ಗೆ ಲಾಲ್‌ಬಾಗ್‌ಗೆ ಹೋಗೋದು ಅಂತ ಆಗಿದೆ. ನನ್ನ ಕೆಲಸ ದಾರಿ, ನೀರು, ನೆರಳು ನೋಡ್ಕೊಳ್ಳೋದು. ಮಾತಿನ ಕೆಲಸ ಅವರದ್ದು. ಮೊದಲ ಬುಧವಾರ ಬಂಡೆ ಹತ್ತಿರ ಬಂದಾಗ ಒಬ್ಬರು ಕೆಳಗೇ ನಿಂತರು. ಬಾಯಿಗೆ ‘ಇನ್ನೇನು ಬಂತು’ ಅಂತ ಬಂದೇಬಿಟ್ಟಿತ್ತು, ನುಂಗಿಕೊಂಡೆ. ‘ನೀವು ಇಲ್ಲೇ ಇರ್ತೀರಾ? ನಮ್ಮ ಬ್ಯಾಗ್ ನೋಡ್ಕೋತೀರಾ?’ ಅಂದೆ. ತಲೆಯಾಡಿಸಿದರು. ನಾವು ಇಳಿದು ಬರುವಷ್ಟರಲ್ಲಿ ಆರೂ ಬ್ಯಾಗನ್ನು ನೆರಳು ಸರಿದ ಹಾಗೆ ಸರಿಸಿ ಸರಿಸಿ ಇಟ್ಟಿದ್ದರು. ನೀರಿನ ಬಾಟಲ್ ತಣ್ಣಗೇ ಇತ್ತು.

ಶೇಷಪರ್ವತದ ಹುಡುಗಿಗೂ ಬರೆದೆ. ತಪ್ಪು ನನ್ನದು, ಕ್ಷಮಿಸಿ ಅಂತ. ‘ಓದಿದೆ ಸರ್’ ಅಂತ ಉತ್ತರ ಬಂದಿದೆ. ಅದಕ್ಕಿಂತ ಜಾಸ್ತಿ ನಾನು ಕೇಳಲ್ಲ.

ನನ್ನ ಮಾಮೂಲಿ ಟ್ರೆಕ್ ಫಾರ್ಮ್‌ಗೆ ಈ ಸಾಲು ಸೇರಿಸಿದ್ದೇನೆ, ತಿದ್ದಿ ಕೊಡಿ: ‘ಇದು ಚಾರಣ, ಚಿಕಿತ್ಸೆ ಅಲ್ಲ. ನೀವು ತಗೊಳ್ಳೋ ಯಾವುದೇ ಮಾತ್ರೆ ಬಗ್ಗೆ ಲೀಡರ್‌ಗೆ ಮಾತ್ರ ತಿಳಿಸಿ, ಅದನ್ನು ಗುಂಪಿಗೆ ಹೇಳುವುದಿಲ್ಲ, ಅದೊಂದೇ ಕಾರಣಕ್ಕೆ ಬರಬೇಡಿ ಅನ್ನುವುದೂ ಇಲ್ಲ. ಎಲ್ಲಿ ಬೇಕಾದರೂ ಸಾಕು ಅನ್ನಬಹುದು, ನಿಮ್ಮ ಜೊತೆ ಒಬ್ಬರು ಉಳಿಯುತ್ತಾರೆ.’

ಎರಡುಮಾತ್ರೆ

‘ಸಾಕು ಅನ್ನಬಹುದು’ ಆದ ಮೇಲೆ ‘ಕಾರಣ ಕೇಳುವುದಿಲ್ಲ’ ಅಂತ ಸೇರಿಸಿ ಅಣ್ಣ. ಕಾರಣ ಕೇಳ್ತಾರೆ ಅನ್ನೋ ಭಯಕ್ಕೇ ನಾನು ಎರಡು ಸಲ ತುದಿವರೆಗೂ ಹತ್ತಿದ್ದೀನಿ.